ಬಾಹ್ಯಾಕಾಶಕ್ಕೆ ಹೋದರೆ ಕ್ಯಾನ್ಸರ್ ಸಾಯುತ್ತದೆಯೇ? ಕಲ್ಪನಾ ಚಾವ್ಲಾ ಬದುಕಿನಲ್ಲಿದೆ ಉತ್ತರ

ಬಾಹ್ಯಾಕಾಶದಲ್ಲಿ ತೂಕ ಇರುವುದಿಲ್ಲ, ಹಾಗಾಗಿ ಅಲ್ಲಿ ಕ್ಯಾನ್ಸರ್ ಕೋಶಗಳು ಒಂದೇ ದಿನದಲ್ಲಿ ಸತ್ತುಹೋಗುತ್ತವೆ, ಔಷಧ ಕಂಪನಿಗಳು ಈ ಸಂಗತಿಯನ್ನು ಮುಚ್ಚಿಟ್ಟಿವೆ. ಇಂಥ ಅರ್ಥದ ಸಂದೇಶಗಳು ಆಗಾಗ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುತ್ತವೆ. ಮನೆಯಲ್ಲಿ ಕ್ಯಾನ್ಸರ್ ರೋಗಿ ಇರುವವರಿಗೆ ಇದು ಬರಿಯ ತಮಾಷೆಯ ಸುದ್ದಿಯಲ್ಲ. ಹೌದಾ, ಹಾಗಾದರೆ ಈ ಕೀಮೋ, ಈ ಆಪರೇಷನ್ ಎಲ್ಲ ಯಾಕೆ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಏಳುತ್ತದೆ.

ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಇಲ್ಲ, ಬಾಹ್ಯಾಕಾಶಕ್ಕೆ ಹೋದರೆ ಕ್ಯಾನ್ಸರ್ ವಾಸಿಯಾಗುವುದಿಲ್ಲ. ಆದರೆ ಈ ಸುಳ್ಳಿನ ಹಿಂದೆ ಒಂದು ನಿಜವಾದ ವಿಜ್ಞಾನ ಇದೆ. ಅದನ್ನು ಹೇಳಲು ನಾವು ನಿಮಗೆಲ್ಲ ಗೊತ್ತಿರುವ ಒಬ್ಬರ ಬದುಕನ್ನು ಆರಿಸಿಕೊಂಡಿದ್ದೇವೆ. ಕಲ್ಪನಾ ಚಾವ್ಲಾ ಅವರ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ಅವರು ಹೇಗೆ ತೀರಿಕೊಂಡರು ಎಂಬುದೂ ಎಲ್ಲರಿಗೂ ಗೊತ್ತು. ಆದರೆ ಅವರ ಕೊನೆಯ ಪ್ರಯಾಣದಲ್ಲಿ ಅದೇ ನೌಕೆಯೊಳಗೆ ಮನುಷ್ಯರ ಕ್ಯಾನ್ಸರ್ ಕೋಶಗಳೂ ಬೆಳೆಯುತ್ತಿದ್ದವು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ.

ಕರ್ನಾಲ್‌ನ ಹುಡುಗಿ, ಬೆಂಗಳೂರಿನ ವಿಮಾನ

ಕಲ್ಪನಾ ಹುಟ್ಟಿದ್ದು 1962ರ ಮಾರ್ಚ್ 17ರಂದು, ಈಗಿನ ಹರಿಯಾಣದ ಕರ್ನಾಲ್ ಪಟ್ಟಣದಲ್ಲಿ. ದೇಶ ಇಬ್ಭಾಗವಾದಾಗ ಪಶ್ಚಿಮ ಪಂಜಾಬಿನಿಂದ ಎಲ್ಲವನ್ನೂ ಬಿಟ್ಟು ಬಂದ ಕುಟುಂಬ ಅವರದು. ತಂದೆ ಬನಾರಸಿ ಲಾಲ್ ಸಣ್ಣಪುಟ್ಟ ವ್ಯಾಪಾರ ಮಾಡುತ್ತಾ ಕೊನೆಗೆ ಟೈರು ತಯಾರಿಸುವ ಉದ್ಯಮ ಕಟ್ಟಿದರು. ನಾಲ್ಕು ಮಕ್ಕಳಲ್ಲಿ ಈಕೆಯೇ ಕಿರಿಯವಳು. ಮನೆಯಲ್ಲಿ ಎಲ್ಲರೂ ಮೋಂಟೂ ಎಂದು ಕರೆಯುತ್ತಿದ್ದರು. ಶಾಲೆಗೆ ಸೇರಿಸುವ ದಿನ ಬೇರೆ ಹೆಸರು ಬೇಕಾದಾಗ ಕಲ್ಪನಾ ಎಂಬ ಹೆಸರನ್ನು ಆರಿಸಿಕೊಂಡದ್ದು ಆ ಪುಟ್ಟ ಹುಡುಗಿಯೇ.

ಕರ್ನಾಲ್‌ನಲ್ಲಿ ಒಂದು ಫ್ಲೈಯಿಂಗ್ ಕ್ಲಬ್ ಇತ್ತು. ತಲೆಯ ಮೇಲೆ ಹಾರುವ ಸಣ್ಣ ವಿಮಾನಗಳನ್ನು ನೋಡುತ್ತಲೇ ಬೆಳೆದ ಕಲ್ಪನಾರನ್ನು ತಂದೆ ಒಮ್ಮೆ ಆ ಕ್ಲಬ್‌ಗೆ ಕರೆದೊಯ್ದು ಪುಷ್ಪಕ್ ವಿಮಾನದಲ್ಲಿ ಕೂರಿಸಿದರು. ನಮಗೆ ಇಲ್ಲೊಂದು ಸಂತೋಷದ ಸಂಗತಿ ಇದೆ. ಪುಷ್ಪಕ್ ಎಂಬ ಆ ಎರಡು ಸೀಟಿನ ತರಬೇತಿ ವಿಮಾನವನ್ನು ರೂಪಿಸಿ ಕಟ್ಟಿದ್ದು ಬೆಂಗಳೂರಿನ ಎಚ್‌ಎಎಲ್. ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆಂದೇ ಅದನ್ನು ತಯಾರಿಸಿದ್ದರು. ಮುಂದೆ ಭೂಮಿಯನ್ನು ನೂರಾರು ಸಲ ಸುತ್ತಿದ ಹುಡುಗಿ ಚಿಕ್ಕಂದಿನಲ್ಲಿ ಹತ್ತಿ ಕುಳಿತದ್ದು ಬೆಂಗಳೂರಿನ ವಿಮಾನವನ್ನು!

ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ವಿಮಾನಶಾಸ್ತ್ರವನ್ನು ಆರಿಸಿಕೊಂಡರು. ಆ ಕಾಲಕ್ಕೆ ಹೆಣ್ಣುಮಕ್ಕಳು ಅತ್ತ ಸುಳಿಯುತ್ತಿರಲಿಲ್ಲ. 1982ರಲ್ಲಿ ಪದವಿ ಮುಗಿಸಿ ಅಮೆರಿಕಕ್ಕೆ ಹೋದರು. 1984ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಕ್ಯಾಂಪಸ್ಸಿನಲ್ಲಿ ಸ್ನಾತಕೋತ್ತರ ಪದವಿ, 1988ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ನಡುವೆ 1983ರಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದ ಜಾನ್ ಪಿಯರ್ ಹ್ಯಾರಿಸನ್ ಅವರೊಂದಿಗೆ ಮದುವೆ. ಪಿಎಚ್‌ಡಿ ಮುಗಿದ ಮೇಲೆ ನಾಸಾದ ಏಮ್ಸ್ ಕೇಂದ್ರದಲ್ಲಿ ಕೆಲಸ.

ಅಲ್ಲಿ ಅವರು ಮಾಡುತ್ತಿದ್ದ ಕೆಲಸ ಏನು? ನೆಲದಿಂದ ನೆಟ್ಟಗೆ ಮೇಲೇಳುವಂಥ ವಿಮಾನಗಳ ಸುತ್ತ ಗಾಳಿ ಹೇಗೆ ಹರಿಯುತ್ತದೆ, ಎಲ್ಲಿ ಸುಳಿ ಏಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಅಂದರೆ ಹರಿಯುವ ವಸ್ತುಗಳ ನಡವಳಿಕೆಯೇ ಅವರ ಪಾಂಡಿತ್ಯ. ಇದನ್ನು ನೆನಪಿಟ್ಟುಕೊಳ್ಳಿ. ತೂಕವಿಲ್ಲದ ಜಾಗದಲ್ಲಿ ಎಲ್ಲಕ್ಕಿಂತ ಮೊದಲು ಬದಲಾಗುವುದು ಈ ಹರಿವೇ. ಕ್ಯಾನ್ಸರ್ ಕೋಶದ ಕಥೆಯೂ ಅಲ್ಲಿಂದಲೇ ಶುರುವಾಗುತ್ತದೆ.

ಮೇಲೆ ಗುರುತ್ವ ಇಲ್ಲವೇ? ಒಂದು ಬಾಟಲಿಯ ಪರೀಕ್ಷೆ

ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಇದು ತಪ್ಪು. ನೌಕೆಗಳು ಸುತ್ತುವ ಮುನ್ನೂರು, ನಾನೂರು ಕಿಲೋಮೀಟರ್ ಎತ್ತರದಲ್ಲೂ ಭೂಮಿಯ ಸೆಳೆತ ನೆಲದ ಮೇಲಿರುವುದರ ನೂರಕ್ಕೆ ಸುಮಾರು ತೊಂಬತ್ತರಷ್ಟು ಇದ್ದೇ ಇರುತ್ತದೆ. ಹಾಗಾದರೆ ಗಗನಯಾತ್ರಿಗಳು ತೇಲುವುದು ಹೇಗೆ?

ಇದನ್ನು ತಿಳಿಯಲು ನಾಸಾಕ್ಕೆ ಹೋಗಬೇಕಿಲ್ಲ. ಕೆಂಪೇಗೌಡರ ಸಮಾಧಿ ಇರುವ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದ್ದರೂ ಸಾಕು, ನಿಮ್ಮ ಮನೆಯಂಗಳದಲ್ಲೇ ನೋಡಬಹುದು. ಒಂದು ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಪಕ್ಕಕ್ಕೆ ತೂತು ಮಾಡಿ. ನೀರು ತುಂಬಿ, ಮುಚ್ಚಳ ತೆಗೆದು ಎತ್ತಿ ಹಿಡಿಯಿರಿ. ತೂತಿನಿಂದ ನೀರು ಚಿಮ್ಮುತ್ತದೆ. ಈಗ ಬಾಟಲಿಯನ್ನು ಕೈಬಿಡಿ. ಅದು ಬೀಳುತ್ತಿರುವಷ್ಟು ಹೊತ್ತು ನೀರು ಚಿಮ್ಮುವುದು ನಿಂತುಬಿಡುತ್ತದೆ! ಬಾಟಲಿಯೂ ಬೀಳುತ್ತಿದೆ, ನೀರೂ ಅದೇ ವೇಗದಲ್ಲಿ ಬೀಳುತ್ತಿದೆ. ಹಾಗಾಗಿ ನೀರು ಬಾಟಲಿಯ ತಳವನ್ನು ಒತ್ತುವುದಿಲ್ಲ. ಒತ್ತಡ ಇಲ್ಲದಿದ್ದರೆ ಚಿಮ್ಮುವುದೂ ಇಲ್ಲ.

ನೌಕೆಯೂ ಹೀಗೆಯೇ ಸದಾ ಬೀಳುತ್ತಿರುತ್ತದೆ. ಆದರೆ ಗಂಟೆಗೆ ಸುಮಾರು 28 ಸಾವಿರ ಕಿಲೋಮೀಟರ್ ವೇಗದಲ್ಲಿ ಅಡ್ಡವಾಗಿಯೂ ಓಡುತ್ತಿರುವುದರಿಂದ ಅದು ನೆಲಕ್ಕೆ ಬಡಿಯುವ ಬದಲು ಭೂಮಿಯ ಸುತ್ತ ಬೀಳುತ್ತಾ ಹೋಗುತ್ತದೆ. ಒಳಗಿರುವ ಮನುಷ್ಯರು, ನೀರು, ಜೀವಕೋಶ ಎಲ್ಲವೂ ಜೊತೆಜೊತೆಗೇ ಬೀಳುತ್ತವೆ. ಇದೇ ತೂಕರಹಿತ ಸ್ಥಿತಿ.

ಇದರಿಂದ ಏನಾಗುತ್ತದೆ? ಭೂಮಿಯ ಮೇಲೆ ಬಿಸಿಗಾಳಿ ಹಗುರ, ಅದು ಮೇಲೇರುತ್ತದೆ. ಮಣ್ಣು ಕಲಸಿದ ನೀರಿನಲ್ಲಿ ಮಣ್ಣು ತಳಕ್ಕೆ ಕೂರುತ್ತದೆ. ತೂಕರಹಿತ ಸ್ಥಿತಿಯಲ್ಲಿ ಮೇಲೆ ಕೆಳಗೆ ಎಂಬುದೇ ಇಲ್ಲ. ಬಿಸಿಗಾಳಿ ಏರುವುದಿಲ್ಲ, ಮಣ್ಣು ಕೂರುವುದಿಲ್ಲ. ದೀಪದ ಜ್ವಾಲೆ ಮೊನಚಾಗಿ ಮೇಲಕ್ಕೆ ಏಳದೆ ದುಂಡಗಾಗುತ್ತದೆ.

ಮೊದಲ ಹಾರಾಟ, ಮೊದಲ ಏಟು

1991ರಲ್ಲಿ ಕಲ್ಪನಾ ಅಮೆರಿಕದ ಪೌರತ್ವ ಪಡೆದರು. 1994ರ ಡಿಸೆಂಬರಿನಲ್ಲಿ ನಾಸಾ ಅವರನ್ನು ಗಗನಯಾತ್ರಿಯಾಗಿ ಆಯ್ಕೆ ಮಾಡಿತು. ಇಲ್ಲಿ ಇನ್ನೊಂದು ಗೊಂದಲವನ್ನು ಬಿಡಿಸೋಣ. ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ಪ್ರಜೆ ರಾಕೇಶ್ ಶರ್ಮಾ, 1984ರಲ್ಲಿ. ಭಾರತದಲ್ಲಿ ಹುಟ್ಟಿದ ಮಹಿಳೆಯರಲ್ಲಿ ಮೊದಲಿಗರು ಕಲ್ಪನಾ, 1997ರಲ್ಲಿ.

1997ರ ನವೆಂಬರ್ 19ರಂದು ಕೊಲಂಬಿಯಾ ನೌಕೆಯಲ್ಲಿ ಅವರು ಮೊದಲ ಬಾರಿ ಮೇಲೇರಿದರು. ಹದಿನಾರು ದಿನಗಳ ಆ ಪ್ರಯಾಣದ ಮುಖ್ಯ ಉದ್ದೇಶಗಳಲ್ಲಿ ಒಂದು, ಕರಗಿದ ಲೋಹ ಮತ್ತಿತರ ವಸ್ತುಗಳು ತೂಕರಹಿತ ಸ್ಥಿತಿಯಲ್ಲಿ ಹೇಗೆ ಗಟ್ಟಿಯಾಗುತ್ತವೆ ಎಂದು ನೋಡುವುದು. ಸೂರ್ಯನನ್ನು ಗಮನಿಸುವ ಸ್ಪಾರ್ಟನ್ ಎಂಬ ಚಿಕ್ಕ ಉಪಗ್ರಹವನ್ನು ಯಂತ್ರದ ತೋಳಿನಿಂದ ಹೊರಗೆ ಬಿಡುವ ಕೆಲಸ ಕಲ್ಪನಾ ಅವರದಾಗಿತ್ತು. ಬಿಟ್ಟ ಉಪಗ್ರಹ ಸರಿಯಾಗಿ ಕೆಲಸ ಮಾಡಲಿಲ್ಲ. ಮತ್ತೆ ಹಿಡಿಯಲು ಹೋದಾಗ ಅದು ಗಿರಕಿ ಹೊಡೆಯತೊಡಗಿತು. ಕೊನೆಗೆ ಇಬ್ಬರು ಸಹಯಾತ್ರಿಗಳಾದ ವಿನ್‌ಸ್ಟನ್ ಸ್ಕಾಟ್ ಮತ್ತು ತಕಾವೊ ದೊಯಿ ನೌಕೆಯಿಂದ ಹೊರಬಂದು ಬರಿಗೈಯಲ್ಲೇ ಅದನ್ನು ಹಿಡಿದು ತಂದರು.

ತಪ್ಪು ಕಲ್ಪನಾರದೇ ಎಂಬ ಮಾತು ಹಬ್ಬಿತು. ನಾಸಾ ತಿಂಗಳುಗಟ್ಟಲೆ ತನಿಖೆ ಮಾಡಿತು. ತಂತ್ರಾಂಶದ ಜೋಡಣೆಯಲ್ಲೂ ಕೆಲಸದ ಕ್ರಮವನ್ನು ಗೊತ್ತುಮಾಡಿದ ರೀತಿಯಲ್ಲೂ ದೋಷ ಇತ್ತು ಎಂದು ಗೊತ್ತಾಯಿತು. ಒಬ್ಬ ವ್ಯಕ್ತಿಯ ಮೇಲೆ ಹೊರೆ ಹಾಕಿ ಮುಗಿಸುವ ವಿಷಯ ಅದಾಗಿರಲಿಲ್ಲ. ಕಲ್ಪನಾ ಮೇಲೆ ಆರೋಪ ಉಳಿಯಲಿಲ್ಲ, ಅವರನ್ನು ಎರಡನೇ ಹಾರಾಟಕ್ಕೂ ಆರಿಸಲಾಯಿತು.

ಆ ನಡುವೆ ಅವರು ಹುಟ್ಟೂರನ್ನು ಮರೆಯಲಿಲ್ಲ. 1998ರಿಂದ ಪ್ರತಿ ಬೇಸಿಗೆಯಲ್ಲಿ ಕರ್ನಾಲ್‌ನ ತಮ್ಮ ಶಾಲೆಯಿಂದ ಇಬ್ಬರು ಮಕ್ಕಳು ನಾಸಾದ ಬೇಸಿಗೆ ಶಿಬಿರಕ್ಕೆ ಬರುವಂತೆ ನೋಡಿಕೊಂಡರು. ಬಂದ ಮಕ್ಕಳನ್ನು ಮನೆಗೂ ಕರೆದು ಊಟ ಹಾಕುತ್ತಿದ್ದರು.

ರೇಷ್ಮೆ ಹುಳು, ಇರುವೆ, ಬೆಂಕಿ ಉಂಡೆ

ಎರಡನೇ ಹಾರಾಟ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ವೇಳಾಪಟ್ಟಿಯ ತೊಡಕು ಒಂದು ಕಡೆಯಾದರೆ, ಎಂಜಿನ್ನಿಗೆ ಇಂಧನ ಹೋಗುವ ಕೊಳವೆಯೊಳಗಿನ ಬಿರುಕುಗಳು ಇನ್ನೊಂದು ಕಡೆ. ಕೊನೆಗೆ 2003ರ ಜನವರಿ 16ರಂದು ಕೊಲಂಬಿಯಾ ಏಳು ಜನರನ್ನು ಹೊತ್ತು ಎದ್ದಿತು. ಎಸ್‌ಟಿಎಸ್-107 ಎಂಬುದು ಆ ಯಾತ್ರೆಯ ಹೆಸರು. ಕಮಾಂಡರ್ ರಿಕ್ ಹಸ್‌ಬೆಂಡ್, ಪೈಲಟ್ ವಿಲಿಯಂ ಮೆಕೂಲ್, ಜೊತೆಗೆ ಮೈಕೆಲ್ ಆ್ಯಂಡರ್ಸನ್, ಡೇವಿಡ್ ಬ್ರೌನ್, ಲಾರೆಲ್ ಕ್ಲಾರ್ಕ್, ಇಸ್ರೇಲಿನ ಇಲಾನ್ ರಮೋನ್ ಮತ್ತು ಕಲ್ಪನಾ.

ಇದು ಪೂರ್ತಿಯಾಗಿ ವಿಜ್ಞಾನಕ್ಕೆಂದೇ ಹೊರಟ ನೌಕೆ. ಸುಮಾರು 80 ಪ್ರಯೋಗಗಳು ಅದರಲ್ಲಿದ್ದವು. ಸಮಯ ವ್ಯರ್ಥವಾಗಬಾರದೆಂದು ತಂಡವನ್ನು ಕೆಂಪು, ನೀಲಿ ಎಂದು ಎರಡು ಪಾಳಿ ಮಾಡಿದ್ದರು. ಕಲ್ಪನಾ ಕೆಂಪು ಪಾಳಿಯಲ್ಲಿದ್ದರು. ಒಂದು ಪಾಳಿ ಮಲಗಿದರೆ ಇನ್ನೊಂದು ಪಾಳಿ ಕೆಲಸ ಮಾಡುತ್ತಿತ್ತು. ದಿನದ ಇಪ್ಪತ್ನಾಲ್ಕು ಗಂಟೆಯೂ ಪ್ರಯೋಗಾಲಯ ತೆರೆದೇ ಇರುತ್ತಿತ್ತು.

ರಾಮನಗರದ ಕಡೆಯ ಓದುಗರಿಗೆ ಖುಷಿಯಾಗುವ ಒಂದು ಪ್ರಯೋಗವೂ ಅಲ್ಲಿತ್ತು. ಬೇರೆ ಬೇರೆ ದೇಶಗಳ ಶಾಲಾ ಮಕ್ಕಳು ಯೋಜಿಸಿದ ಪ್ರಯೋಗಗಳ ಪೈಕಿ ಚೀನಾದ ಮಕ್ಕಳದು ರೇಷ್ಮೆ ಹುಳು! ತೂಕವಿಲ್ಲದ ಕಡೆ ಹುಳು ಹೇಗೆ ಬೆಳೆಯುತ್ತದೆ, ಗೂಡು ಹೇಗೆ ಕಟ್ಟುತ್ತದೆ ಎಂಬುದು ಅವರ ಪ್ರಶ್ನೆ. ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆಗೆ ಹತ್ತುವುದನ್ನು ನಮ್ಮ ರೈತರು ದಿನವೂ ನೋಡುತ್ತಾರೆ. ಗೂಡನ್ನು ಮಾರುಕಟ್ಟೆಗೆ ಒಯ್ದ ಮೇಲೆ ನೂಲು ತೆಗೆಯುವವರು ಪತಂಗ ಹೊರಬರಲು ಬಿಡುವುದಿಲ್ಲ, ಬಿಟ್ಟರೆ ಎಳೆ ತುಂಡಾಗುತ್ತದೆ. ಆದರೆ ಮೇಲೆ, ಆ ನೌಕೆಯಲ್ಲಿ, ಒಂದು ಗೂಡಿನಿಂದ ಪತಂಗ ಹೊರಬಂದು ರೆಕ್ಕೆ ಬಿಚ್ಚುವುದನ್ನು ಲಾರೆಲ್ ಕ್ಲಾರ್ಕ್ ಕಣ್ಣಾರೆ ಕಂಡರು. ಜೇಡ, ಇರುವೆ, ಮರಕೊರೆಯುವ ದುಂಬಿ, ಮೀನಿನ ಮೊಟ್ಟೆ ಕೂಡ ಇದ್ದವು. ಇನ್ನೊಂದು ಪೆಟ್ಟಿಗೆಯೊಳಗೆ ಪುಟ್ಟ ಪುಟ್ಟ ಬೆಂಕಿ ಉಂಡೆಗಳು ಗಾಳಿಯಲ್ಲಿ ತೇಲುತ್ತಾ ಉರಿಯುತ್ತಿದ್ದವು.

ನಮ್ಮ ವಿಷಯಕ್ಕೆ ಬೇಕಾದದ್ದು ಬಯೋರಿಯಾಕ್ಟರ್ ಎಂಬ ಇನ್ನೊಂದು ಉಪಕರಣ. ಅದರೊಳಗೆ ಪೋಷಕ ದ್ರವದಲ್ಲಿ ಮನುಷ್ಯನ ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳನ್ನೂ ಮೂಳೆಯ ಕೋಶಗಳನ್ನೂ ಒಟ್ಟಿಗೆ ಇರಿಸಿದ್ದರು. ಇದರ ಹಿಂದಿದ್ದವರು ಎಮೊರಿ ವಿಶ್ವವಿದ್ಯಾಲಯದ ವಿಜ್ಞಾನಿ ಲೀಲ್ಯಾಂಡ್ ಚುಂಗ್.

ಮೂಳೆಯ ಕೋಶ ಯಾಕೆ? ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಒಂದು ಗ್ರಂಥಿ. ಅಲ್ಲಿ ಹುಟ್ಟಿದ ಕ್ಯಾನ್ಸರ್ ಅಲ್ಲೇ ಇದ್ದರೆ ಚಿಕಿತ್ಸೆ ಸುಲಭ. ಅದು ಹರಡುವಾಗ ಹೆಚ್ಚಾಗಿ ಹೋಗಿ ಕೂರುವುದು ಬೆನ್ನುಮೂಳೆ, ಸೊಂಟದ ಮೂಳೆಯಂಥ ಕಡೆ. ಕ್ಯಾನ್ಸರ್ ಕೋಶಕ್ಕೂ ಮೂಳೆಯ ಕೋಶಕ್ಕೂ ನಡುವೆ ಅಂಥದ್ದೇನು ಮಾತುಕತೆ ನಡೆಯುತ್ತದೆ, ಮೂಳೆಯಲ್ಲೇ ಅದಕ್ಕೆ ಜಾಗ ಸಿಗುವುದು ಹೇಗೆ? ಇದು ಚುಂಗ್ ಅವರ ತಂಡದ ಪ್ರಶ್ನೆ. ಗಂಡಸರನ್ನು ಕೊಲ್ಲುವುದು ಬಹುತೇಕ ಈ ಹರಡಿದ ಕ್ಯಾನ್ಸರೇ ಆದ್ದರಿಂದ ಪ್ರಶ್ನೆಗೆ ಬಹಳ ಬೆಲೆ ಇತ್ತು.

ತಟ್ಟೆಯಲ್ಲಿ ಚಾಪೆ, ಮೇಲೆ ಉಂಡೆ

ಈ ಪ್ರಶ್ನೆಯನ್ನು ಭೂಮಿಯ ಮೇಲೆಯೇ ಕೇಳಬಹುದಿತ್ತಲ್ಲ? ಅಷ್ಟು ಸುಲಭವಲ್ಲ. ಪ್ರಯೋಗಾಲಯದಲ್ಲಿ ಕೋಶಗಳನ್ನು ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸುತ್ತಾರೆ. ಕೋಶಗಳಿಗೆ ತೂಕ ಇದೆ, ಅವು ತಳಕ್ಕೆ ಇಳಿದು ಅಂಟಿಕೊಂಡು ಹಾಸಿದ ಚಾಪೆಯಂತೆ ಒಂದೇ ಪದರವಾಗಿ ಹರಡುತ್ತವೆ. ನಮ್ಮ ದೇಹದೊಳಗೆ ಗಡ್ಡೆ ಹಾಗಿರುವುದಿಲ್ಲ, ಅದು ಉಂಡೆ. ಹೊರಪದರದ ಕೋಶಕ್ಕೆ ಆಮ್ಲಜನಕ ಸಿಗುತ್ತದೆ, ನಡುವಿನದಕ್ಕೆ ಕಡಿಮೆ. ಔಷಧವೂ ಹೊರಗಿನಿಂದ ಒಳಕ್ಕೆ ಇಳಿಯಬೇಕು. ಚಾಪೆಯ ಮೇಲೆ ಚೆನ್ನಾಗಿ ಕೆಲಸ ಮಾಡಿದ ಔಷಧ ಉಂಡೆಯ ನಡುವಿಗೆ ತಲುಪದೇ ಸೋಲಬಹುದು.

ತೂಕರಹಿತ ಸ್ಥಿತಿಯಲ್ಲಿ ಕೋಶಗಳು ತಳಕ್ಕೆ ಇಳಿಯುವುದಿಲ್ಲ. ದ್ರವದಲ್ಲಿ ತೇಲುತ್ತಾ ಒಂದಕ್ಕೊಂದು ತಗುಲಿ, ಅಂಟಿಕೊಂಡು, ತಾವಾಗಿಯೇ ಉಂಡೆ ಕಟ್ಟುತ್ತವೆ. ಜೋರಾಗಿ ಕಲಕಿದರೆ ಭೂಮಿಯ ಮೇಲೂ ಕೋಶಗಳು ತಳಕ್ಕೆ ಇಳಿಯುವುದಿಲ್ಲ ನಿಜ, ಆದರೆ ಆ ಹೊಡೆತಕ್ಕೆ ಅವು ಹಾಳಾಗುತ್ತವೆ. ಮೇಲೆ ಅಂಥ ಕಲಕುವಿಕೆಯೇ ಬೇಡ.

ಕೋಶದ ಒಳಗೂ ಬದಲಾವಣೆ ಆಗುತ್ತದೆ. ಪ್ರತಿ ಕೋಶದೊಳಗೆ ಪ್ರೋಟೀನ್ ಎಳೆಗಳ ಒಂದು ಹಂದರ ಇರುತ್ತದೆ, ಅದೇ ಕೋಶಕ್ಕೆ ಆಕಾರ ಕೊಡುವುದು. ತಳಕ್ಕೆ ಅಂಟಿ ಎಳೆದುಕೊಂಡಿದ್ದ ಹಂದರ ಮೇಲೆ ಸಡಿಲವಾಗಿ ಮರುಜೋಡಣೆಯಾಗುತ್ತದೆ. ಆಕಾರ ಬದಲಾದರೆ ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದೂ ಬದಲಾಗುತ್ತದೆ.

ಕ್ಯಾನ್ಸರ್ ಕೋಶ ಬಾಹ್ಯಾಕಾಶಕ್ಕೆ ಹೋದದ್ದು ಅದೇ ಮೊದಲಲ್ಲ. ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಅಮೆರಿಕದ ಮಹಿಳೆಯಿಂದ 1951ರಲ್ಲಿ ತೆಗೆದು ಇಂದಿಗೂ ಬೆಳೆಸುತ್ತಿರುವ ಹೀಲಾ ಕೋಶಗಳನ್ನು 1960ರಲ್ಲೇ ಸೋವಿಯತ್ ನೌಕೆಯೊಂದು ಹೊತ್ತೊಯ್ದಿತ್ತು. ಆದರೆ ಕೊಲಂಬಿಯಾದಲ್ಲಿ ಕ್ಯಾನ್ಸರನ್ನೂ ಅದು ಹರಡುವ ಮೂಳೆಯನ್ನೂ ಒಂದೇ ಪಾತ್ರೆಯಲ್ಲಿ ದಿನಗಟ್ಟಲೆ ಬೆಳೆಸಿದ್ದರು. ಆ ಉಂಡೆಗಳು ಭೂಮಿಯ ಮೇಲೆ ಬೆಳೆಯುತ್ತಿದ್ದವುಗಳಿಗಿಂತ ದೊಡ್ಡದಾಗಿ ಬೆಳೆದವು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಸಂದೇಶ ಹೇಳುವುದೇನು? ಮೇಲೆ ಹೋದರೆ ಕ್ಯಾನ್ಸರ್ ಸಾಯುತ್ತದೆ ಎಂದು. ಕಲ್ಪನಾ ಇದ್ದ ನೌಕೆಯಲ್ಲಿ ಅದು ಸಾಯಲಿಲ್ಲ, ಸೊಂಪಾಗಿ ಬೆಳೆಯಿತು.

ಫೆಬ್ರುವರಿ 1

ಹದಿನಾರು ದಿನಗಳ ಕೆಲಸ ಮುಗಿಯಿತು. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಮರಳಿ ಬರುತ್ತಿತ್ತು. ಮೇಲೇರುವಾಗ, ಹೊರಟು 82 ಸೆಕೆಂಡಿನ ಹೊತ್ತಿಗೆ, ಇಂಧನ ಟ್ಯಾಂಕಿನ ಹೊದಿಕೆಯ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಯ ಅಂಚಿಗೆ ಬಡಿದಿತ್ತು. ಅಲ್ಲಿ ಆಗಿದ್ದ ತೂತಿನ ಮೂಲಕ ಮರಳುವಾಗಿನ ಕಡುಬಿಸಿ ಗಾಳಿ ಒಳನುಗ್ಗಿ ರೆಕ್ಕೆಯನ್ನು ಕರಗಿಸಿತು. ಇಳಿಯಲು ಹದಿನಾರು ನಿಮಿಷ ಇರುವಾಗ ನೌಕೆ ಟೆಕ್ಸಾಸ್ ಆಕಾಶದಲ್ಲಿ ಚೂರಾಯಿತು. ಏಳೂ ಜನ ತೀರಿಕೊಂಡರು. ಕಲ್ಪನಾಗೆ ಆಗ ನಲವತ್ತು ವರ್ಷ. ಎರಡು ಯಾತ್ರೆ ಸೇರಿ ಅವರು ಬಾಹ್ಯಾಕಾಶದಲ್ಲಿ ಕಳೆದದ್ದು ಮೂವತ್ತು ದಿನಕ್ಕೂ ಸ್ವಲ್ಪ ಹೆಚ್ಚು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಅಮೆರಿಕದ ಯೂಟಾ ರಾಜ್ಯದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಬಿಡಲಾಯಿತು.

ಟೆಕ್ಸಾಸ್ ಸುತ್ತಮುತ್ತ ಸಾವಿರಾರು ಜನ ಹುಡುಕಿ ಸುಮಾರು 84 ಸಾವಿರ ಚೂರುಗಳನ್ನು ಒಟ್ಟುಮಾಡಿದರು. ಅವುಗಳಲ್ಲಿ ಸಿಕ್ಕ ಡಬ್ಬಿಗಳಲ್ಲಿ ಒಂದು ಮಿಲಿಮೀಟರ್ ಉದ್ದದ ದುಂಡುಹುಳುಗಳು ಜೀವಂತವಾಗಿದ್ದವು. ಸುಟ್ಟು ಕರಕಲಾದ ಒಂದು ಕಂಪ್ಯೂಟರ್ ಡಿಸ್ಕಿನಿಂದ ಕ್ಸೆನಾನ್ ಅನಿಲದ ಪ್ರಯೋಗದ ಮಾಹಿತಿಯನ್ನು ಹೊರತೆಗೆದು 2008ರಲ್ಲಿ ಪ್ರಕಟಿಸಿದರು. ಬೆಂಕಿ ಉಂಡೆಗಳ ಮಾಹಿತಿಯಲ್ಲಿ ಹೆಚ್ಚಿನದು ಹಾರಾಟದ ವೇಳೆಯಲ್ಲೇ ಭೂಮಿಗೆ ರವಾನೆಯಾಗಿತ್ತು.

ಕ್ಯಾನ್ಸರ್ ಉಂಡೆಗಳು ಮಾತ್ರ ಹೋದವು. ಅವನ್ನು ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ಯಾವ ಜೀನ್ ಎದ್ದಿತ್ತು, ಯಾವುದು ಮಲಗಿತ್ತು ಎಂದು ಅಳೆಯಬೇಕಿತ್ತು. ಉಂಡೆ ಬೆಳೆದಿತ್ತು ಎಂಬುದಷ್ಟೇ ಉಳಿಯಿತು. ಅದು ಏನು ಹೇಳಲಿತ್ತು ಎಂಬುದು ಉಳಿಯಲಿಲ್ಲ.

ಆಮೇಲೆ ಗೊತ್ತಾದದ್ದೇನು?

ಆದರೆ ಪ್ರಶ್ನೆ ಸಾಯಲಿಲ್ಲ. ಭೂಮಿಯ ಮೇಲೆಯೇ ತೂಕರಹಿತ ಸ್ಥಿತಿಯನ್ನು ಸ್ವಲ್ಪಮಟ್ಟಿಗೆ ಅನುಕರಿಸುವ ಪಾತ್ರೆಯನ್ನು ನಾಸಾದ ಜಾನ್ಸನ್ ಕೇಂದ್ರ 1980ರ ದಶಕದಲ್ಲೇ ಮಾಡಿತ್ತು. ಅಡ್ಡವಾಗಿ ಮಲಗಿಸಿ ನಿಧಾನವಾಗಿ ತಿರುಗಿಸುವ ಪಾತ್ರೆ ಅದು. ಕೋಶ ಬೀಳುತ್ತಲೇ ಇರುತ್ತದೆ, ಆದರೆ ತಳ ತಲುಪುವಷ್ಟರಲ್ಲಿ ಪಾತ್ರೆಯೇ ತಿರುಗಿರುತ್ತದೆ. ಇಂಥ ಯಂತ್ರಗಳಲ್ಲೂ ನಿಜವಾದ ಬಾಹ್ಯಾಕಾಶದಲ್ಲೂ ಬೇರೆ ಬೇರೆ ಕ್ಯಾನ್ಸರ್ ಕೋಶಗಳನ್ನು ಬೆಳೆಸಿ ನೋಡಿದ್ದಾರೆ.

ಫಲಿತಾಂಶ ಒಂದೇ ತೆರನಾಗಿಲ್ಲ. 2011ರಲ್ಲಿ ಚೀನಾದ ಶೆಂಝೌ-8 ನೌಕೆಯಲ್ಲಿ ಹೋದ ಥೈರಾಯ್ಡ್ ಕ್ಯಾನ್ಸರ್ ಕೋಶಗಳು ಉಂಡೆ ಕಟ್ಟಿದವು, ಅವುಗಳಲ್ಲಿ ಬೆಳವಣಿಗೆಗೆ ಸಂಬಂಧಿಸಿದ ಕೆಲವು ಜೀನ್‌ಗಳ ಆರ್ಭಟ ತಗ್ಗಿತ್ತು. 2019ರಲ್ಲಿ ಸಿಡ್ನಿಯ ಸಂಶೋಧಕರು ತಿರುಗುವ ಯಂತ್ರದಲ್ಲಿ ನಾಲ್ಕು ಬಗೆಯ ಕ್ಯಾನ್ಸರ್ ಕೋಶಗಳನ್ನು ಇಟ್ಟಾಗ 24 ಗಂಟೆಯಲ್ಲಿ ನೂರಕ್ಕೆ 80ರಿಂದ 90ರಷ್ಟು ನಿಷ್ಕ್ರಿಯವಾದವು ಎಂದು ಹೇಳಿದರು. ವಾಟ್ಸ್‌ಆ್ಯಪ್ ಸಂದೇಶದ ಒಂದೇ ದಿನ ಎಂಬ ಮಾತಿಗೆ ಹೋಲುವುದು ಈ ಸುದ್ದಿ. ಆದರೆ ಅದು ನಡೆದದ್ದು ಪ್ರಯೋಗಾಲಯದ ಯಂತ್ರದಲ್ಲಿ, ರೋಗಿಯ ದೇಹದಲ್ಲಿ ಅಲ್ಲ. ಇತ್ತ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದ ಪುಟ್ಟ ಗಡ್ಡೆಗಳು ಅಲ್ಲಿ ಭೂಮಿಗಿಂತ ವೇಗವಾಗಿ ಬೆಳೆದವು!

ಒಂದು ಕಡೆ ಸಾಯುತ್ತವೆ, ಒಂದು ಕಡೆ ಮೆತ್ತಗಾಗುತ್ತವೆ, ಇನ್ನೊಂದು ಕಡೆ ಕೊಬ್ಬುತ್ತವೆ. ಇದರಲ್ಲಿ ಆಶ್ಚರ್ಯ ಇಲ್ಲ. ಕ್ಯಾನ್ಸರ್ ಎಂಬುದು ಒಂದು ರೋಗವಲ್ಲ, ನೂರಕ್ಕೂ ಹೆಚ್ಚು ರೋಗಗಳಿಗೆ ಇಟ್ಟ ಒಂದೇ ಹೆಸರು.

ಇನ್ನೂ ಒಂದು ಮುಖ್ಯ ವಿಷಯ. ರೋಗಿಯನ್ನೇ ಮೇಲೆ ಕಳಿಸಿದರೆ ಕ್ಯಾನ್ಸರ್ ಕೋಶಕ್ಕೆ ಮಾತ್ರ ತೂಕ ಹೋಗುವುದಿಲ್ಲ, ಕ್ಯಾನ್ಸರ್ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಗೂ ಹೋಗುತ್ತದೆ. 1983ರಷ್ಟು ಹಿಂದೆಯೇ ಸ್ಪೇಸ್‌ಲ್ಯಾಬ್ ಯಾತ್ರೆಯಲ್ಲಿ ಲಿಂಫೋಸೈಟ್ ಕಣಗಳನ್ನು ಪರೀಕ್ಷಿಸಿದಾಗ ಎಚ್ಚರಗೊಂಡು ಹೆಚ್ಚುವ ಅವುಗಳ ಶಕ್ತಿ ಬಹುಪಾಲು ಕುಂದಿತ್ತು. ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ. ಸಾಲದ್ದಕ್ಕೆ ಅಲ್ಲಿನ ವಿಕಿರಣವೇ ಕ್ಯಾನ್ಸರ್ ತರಬಲ್ಲದು. ಹಾಗಾಗಿ ರೋಗಿಗೆ ಬಾಹ್ಯಾಕಾಶ ಆಸ್ಪತ್ರೆಯಾಗಲಾರದು.

ಹಾಗಾದರೆ ಇಷ್ಟೆಲ್ಲ ಕಷ್ಟ ಯಾಕೆ? ತೂಕರಹಿತ ಸ್ಥಿತಿ ಔಷಧವಲ್ಲ, ಅದು ನೋಡುವ ಕಿಟಕಿ. ದೇಹದೊಳಗಿನ ಗಡ್ಡೆಯನ್ನು ಹೆಚ್ಚು ಹೋಲುವ ಉಂಡೆ ಅಲ್ಲಿ ಸಿಗುತ್ತದೆ. ಅದರ ಮೇಲೆ ಔಷಧ ಪರೀಕ್ಷಿಸಬಹುದು, ಕೋಶ ಯಾವ ಜೀನಿನ ಬಲದಿಂದ ಬೆಳೆಯುತ್ತದೆ, ಯಾವುದು ಕೆಟ್ಟರೆ ಸಾಯುತ್ತದೆ ಎಂದು ಹುಡುಕಬಹುದು. ಆ ತಿಳಿವಿನಿಂದ ಭೂಮಿಯ ಮೇಲೆಯೇ ನುಂಗುವ ಮಾತ್ರೆಯೋ ಚುಚ್ಚುಮದ್ದೋ ಬರಬೇಕು.

ಈ ಕಿಟಕಿಯತ್ತ ನಮ್ಮ ನಾಡೂ ನಡೆದಿದೆ. 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಸ್ನಾಯುಕೋಶದ ಪ್ರಯೋಗವೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೊಳಕೆಕಾಳಿನ ಪ್ರಯೋಗವೂ ಜೊತೆಗಿದ್ದವು.

ಕೆಂಪಾಪುರದಿಂದ ಕಿದ್ವಾಯಿಗೆ

ಈ ಸುಳ್ಳು ಸಂದೇಶದಿಂದ ನಷ್ಟ ಏನು ಎಂದು ಕೆಲವರು ಕೇಳಬಹುದು. ಯಾರೂ ರಾಕೆಟ್ ಹತ್ತಲು ಹೋಗುವುದಿಲ್ಲವಲ್ಲ? ನಿಜ. ಆದರೆ ಇಂಥ ಸಂದೇಶಗಳ ಜೊತೆಗೇ ಬರುವ ಅನುಮಾನ ಅಪಾಯಕಾರಿ. ಡಾಕ್ಟರು ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಒಮ್ಮೆ ಹೊಕ್ಕರೆ ಮನೆಯವರು ಚಿಕಿತ್ಸೆ ಮುಂದೂಡುತ್ತಾರೆ. ಬೇರೆ ಏನೇನೋ ಮಾಡಿಸಿ ನೋಡುತ್ತಾರೆ. ಕ್ಯಾನ್ಸರಿನಲ್ಲಿ ಅತ್ಯಂತ ಬೆಲೆಬಾಳುವುದು ಸಮಯ. ಪ್ರಾಸ್ಟೇಟಿನಲ್ಲೇ ಇರುವಾಗ ಸಿಕ್ಕ ಕ್ಯಾನ್ಸರಿಗೂ ಮೂಳೆ ತಲುಪಿದ ಮೇಲೆ ಸಿಕ್ಕ ಕ್ಯಾನ್ಸರಿಗೂ ಅಜಗಜಾಂತರ.

ವಯಸ್ಸಾದ ಗಂಡಸರು ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಕಟ್ಟಿದಂತಾಗುವುದು ಎಲ್ಲವೂ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಗ್ರಂಥಿ ದಪ್ಪವಾದ ತೊಂದರೆ. ಆದರೆ ವಯಸ್ಸಾಯಿತಲ್ಲ ಬಿಡು ಎಂದು ಸುಮ್ಮನಿರಬೇಡಿ. ಮೂತ್ರದಲ್ಲಿ ರಕ್ತ, ಬಿಡದ ಸೊಂಟನೋವು, ಬೆನ್ನುನೋವು ಇದ್ದರೆ ತಪ್ಪದೇ ತೋರಿಸಿ. ಮಾಗಡಿ, ರಾಮನಗರದವರಿಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ದೂರವಲ್ಲ. 1973ರಿಂದ ಅಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿದೆ, ಅದು ಸರ್ಕಾರದ ನೆರವಿನ ಆಸ್ಪತ್ರೆ.

ಉಳಿದ ಹೆಸರು

ಕೊಲಂಬಿಯಾ ದುರಂತವಾಗಿ ನಾಲ್ಕೇ ದಿನಕ್ಕೆ, 2003ರ ಫೆಬ್ರುವರಿ 5ರಂದು, ಇಸ್ರೊದ ಹವಾಮಾನ ಉಪಗ್ರಹಕ್ಕೆ ಕಲ್ಪನಾ-1 ಎಂದು ಹೊಸ ಹೆಸರಿಟ್ಟರು. ಬೆಂಗಳೂರಿನಲ್ಲಿ ತಯಾರಾದ ಆ ಉಪಗ್ರಹವನ್ನು ಹಾಸನದ ಕೇಂದ್ರದಿಂದ ನಿಯಂತ್ರಿಸುತ್ತಿದ್ದರು. ಮಳೆ ಮೋಡಗಳ ಚಿತ್ರ ತೆಗೆದು ಕಳಿಸುತ್ತಾ ಅದು ಹತ್ತು ವರ್ಷಕ್ಕೂ ಮೀರಿ ದುಡಿಯಿತು. 2004ರಲ್ಲಿ ಕರ್ನಾಟಕ ಸರ್ಕಾರ ಯುವ ವಿಜ್ಞಾನಿ ಮಹಿಳೆಯರಿಗೆಂದು ಕಲ್ಪನಾ ಚಾವ್ಲಾ ಪ್ರಶಸ್ತಿಯನ್ನು ಸ್ಥಾಪಿಸಿತು.

ಕಲ್ಪನಾರನ್ನು ನಾವು ಸಾಮಾನ್ಯವಾಗಿ ನೆನೆಯುವುದು ಧೈರ್ಯಕ್ಕೆ, ದುರಂತಕ್ಕೆ. ಅವರ ದಿನಚರಿ ಮಾತ್ರ ಇದಕ್ಕಿಂತ ಸಪ್ಪೆಯದು, ಇದಕ್ಕಿಂತ ದೊಡ್ಡದು. ಪಾಳಿಯ ಪ್ರಕಾರ ಏಳುವುದು, ಪಟ್ಟಿ ನೋಡಿ ಗುಂಡಿ ಒತ್ತುವುದು, ಅಳತೆ ಬರೆದಿಡುವುದು, ಯಾರೋ ಮಕ್ಕಳ ಹುಳುವಿಗೂ ಯಾವುದೋ ರೋಗಿಗಳ ಕೋಶಕ್ಕೂ ಒಂದೇ ಶ್ರದ್ಧೆಯಿಂದ ಕಾವಲಿರುವುದು. ಕ್ಯಾನ್ಸರಿಗೆ ಮದ್ದು ಬರುವುದಿದ್ದರೆ ಈ ದಾರಿಯಿಂದಲೇ ಬರುತ್ತದೆ. ಒಂದು ರಾತ್ರಿಯಲ್ಲಿ ಕೋಶಗಳನ್ನು ಕೊಂದ ಪವಾಡದ ಸಂದೇಶ ಇನ್ನೊಮ್ಮೆ ನಿಮ್ಮ ಫೋನಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಕಳಿಸಿದವರು ಮನೆಯವರೇ ಆಗಿದ್ದರೆ, ಕೊಲಂಬಿಯಾದಲ್ಲಿ ಬೆಳೆದ ಆ ಉಂಡೆಗಳ ಕಥೆಯನ್ನು ಅವರಿಗೆ ಹೇಳಿ.